ಆಪ್, ಗೋಡೆ ಕ್ಯಾಲೆಂಡರ್, ಜೊತೆಗಾತಿ, ರೈಲು: ದಿನಾ ಓದಲು ನನಗೆ ಯಾವುದು ಒದಗಿತು

ದಿನಾ ಅರ್ಧ ಗಂಟೆ ಓದಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕಿ. ಮನೆ ಮೈಸೂರಿನ ಪಡುವಾರಹಳ್ಳಿಯಲ್ಲಿ. ಬಡ್ತಿಗೆ ಇಲಾಖಾ ಪರೀಕ್ಷೆ ಪಾಸಾಗಿರಬೇಕು. ನನಗೆ ಬಾಕಿ ಇದ್ದದ್ದು ಅಕೌಂಟ್ಸ್ ಹೈಯರ್ ಅನ್ನುವ ಲೆಕ್ಕಪತ್ರದ ಪರೀಕ್ಷೆ. ಎರಡು ಸಲ ಬರೆದೆ, ಎರಡು ಸಲವೂ ಹೋಯಿತು. ಪರೀಕ್ಷೆಗೆ ಹದಿನೈದು ದಿನ ಇರುವಾಗ ನಿದ್ದೆಗೆಟ್ಟು ಓದುವುದು, ಮುಗಿದ ಮೇಲೆ ಪುಸ್ತಕ ಅಟ್ಟಕ್ಕೆ ಹಾಕುವುದು, ಹೀಗೆ ನಡೆದಿತ್ತು. ಕೆಸಿಎಸ್‌ಆರ್ ಅನ್ನುವ ಕರ್ನಾಟಕ ಸರ್ಕಾರಿ ನೌಕರರ ಸೇವಾ ನಿಯಮಗಳು, ಹಣಕಾಸು ಸಂಹಿತೆ, ಖಜಾನೆ ಸಂಹಿತೆ, ಇವೆಲ್ಲ ಹದಿನೈದು ದಿನದಲ್ಲಿ ತಲೆಗೆ ಹೋಗುವ ಪುಸ್ತಕಗಳಲ್ಲ.

ಆಮೇಲೆ ಒಂದೂವರೆ ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಕೆಲಸ ಮಾತ್ರ ಒಂದೇ, ದಿನಕ್ಕೆ ಅರ್ಧ ಗಂಟೆ ಓದು. ಹಾಗಾಗಿ ಇವುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಸರಿ ಅನಿಸುತ್ತದೆ.

ಮೊದಲು ಫೋನಿನ ಆಪ್. ರಾತ್ರಿ ಒಂಬತ್ತಕ್ಕೆ ಗಂಟೆ ಹೊಡೆಯುತ್ತದೆ, ಓದಿದ ಮೇಲೆ ಒಂದು ಗುಂಡಿ ಒತ್ತಬೇಕು, ಎಷ್ಟು ದಿನ ತಪ್ಪದೆ ಮಾಡಿದೆವು ಅಂತ ಲೆಕ್ಕ ತೋರಿಸುತ್ತದೆ. ಶುರುವಿನಲ್ಲಿ ಇಷ್ಟು ಹುರುಪು ಕೊಟ್ಟದ್ದು ಬೇರೆ ಯಾವುದೂ ಇಲ್ಲ. 10 ದಾಟಿತು, 20 ದಾಟಿತು, 41ಕ್ಕೆ ಬಂತು. ಆಗ ಮಳವಳ್ಳಿ ಹತ್ತಿರ ಚಿಕ್ಕಪ್ಪನ ಮಗಳ ಮದುವೆ. ಚಪ್ಪರದ ದಿನ ಹೋದವಳು ಬೀಗರ ಊಟ ಮುಗಿಸಿ ಬಂದೆ. ಫೋನ್ ತೆಗೆದು ನೋಡಿದರೆ ಸೊನ್ನೆ.

ಆ ಸೊನ್ನೆ ನೋಡಿದಾಗ ಆದ ಬೇಜಾರು ನನಗೆ ಇನ್ನೂ ನೆನಪಿದೆ. 41 ದಿನ ಓದಿದ್ದು ಸುಳ್ಳಲ್ಲ, ಅಲ್ವಾ? ತಲೆಯಲ್ಲಿ ಅದು ಇತ್ತು. ಆದರೆ ಕಣ್ಣಿಗೆ ಕಾಣುವುದು ಸೊನ್ನೆ. ಮತ್ತೆ ಒಂದರಿಂದ ಎಣಿಸಬೇಕು ಅನ್ನುವುದಕ್ಕೇ ಕೈ ಹಿಂದೆ ಸರಿಯಿತು. ಮೂರು ವಾರ ಪುಸ್ತಕ ಮುಟ್ಟಲಿಲ್ಲ. ಇನ್ನೊಂದು ತೊಂದರೆಯೂ ಇತ್ತು. ಗಂಟೆ ಹೊಡೆದಾಗ ಫೋನ್ ಕೈಗೆ ಬರುತ್ತದೆ. ಕೈಗೆ ಬಂದ ಫೋನಿನಲ್ಲಿ ಮನೆಯವರ ವಾಟ್ಸಾಪ್ ಗ್ರೂಪ್ ಇರುತ್ತದೆ. ಅಲ್ಲಿಗೆ ಹೋದರೆ ಒಂಬತ್ತು ಮುಕ್ಕಾಲು.

ಎರಡನೆಯದು ಗೋಡೆ ಕ್ಯಾಲೆಂಡರ್. ನಮ್ಮ ಅಡುಗೆಮನೆ ಬಾಗಿಲ ಪಕ್ಕ ತೂಗುಹಾಕಿರುವ, ದೊಡ್ಡ ಅಂಕಿಯ ಕ್ಯಾಲೆಂಡರ್. ಅದರಲ್ಲಿ ಈಗಾಗಲೇ ಏನೇನೋ ಬರೆದಿರುತ್ತದೆ. ಹಾಲು ಅರ್ಧ ಲೀಟರ್ ಜಾಸ್ತಿ ತೆಗೆದುಕೊಂಡ ದಿನ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟಬೇಕಾದ ದಿನ. ಆ ಗುರುತುಗಳ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ ಒಂದು ಗೀಟು ಹಾಕತೊಡಗಿದೆ.

ಆಪ್‌ಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ದಿನ ತಪ್ಪಿದಾಗ ಗೊತ್ತಾಗುತ್ತದೆ. ಜ್ವರ ಬಂದು ಎರಡು ದಿನ ಓದಲಿಲ್ಲ. ಕ್ಯಾಲೆಂಡರಿನಲ್ಲಿ ಎರಡು ಮನೆ ಖಾಲಿ ಉಳಿಯಿತು, ಅಷ್ಟೇ. ಹಿಂದಿನ ಹದಿನೇಳು ಗೀಟು ಎಲ್ಲಿಗೂ ಹೋಗಲಿಲ್ಲ. ತಿಂಗಳ ಕೊನೆಗೆ ಎಣಿಸಿದರೆ 30ರಲ್ಲಿ 24. ಅದನ್ನು ನೋಡಿ ಖುಷಿಯಾಯಿತು. ನಮ್ಮತ್ತೆ ಬೇರೆ ದಿನಾ ನೋಡುತ್ತಿದ್ದರು. 'ನಿನ್ನೆ ಗೀಟು ಹಾಕಿಲ್ವಲ್ಲಮ್ಮ, ಹುಷಾರಿದ್ದೀಯ ತಾನೆ?' ಅಂತ ಕೇಳಿದ್ದುಂಟು. ಖರ್ಚು ಅಂದರೆ ಒಂದು ಕೆಂಪು ಪೆನ್ನು.

ಆದರೆ ಗೀಟು ಓದಿದ ಮೇಲೆ ಹಾಕುವುದು. ಓದಲು ಕೂರಿಸುವ ಶಕ್ತಿ ಅದಕ್ಕೆ ಇಲ್ಲ. ಎಷ್ಟೋ ರಾತ್ರಿ ಪಾತ್ರೆ ತೊಳೆದು, ಗ್ಯಾಸ್ ಕಟ್ಟೆ ಒರೆಸಿ, ಕ್ಯಾಲೆಂಡರ್ ಮುಂದೆ ನಿಂತು, ಇವತ್ತು ಬೇಡ ಅಂತ ದೀಪ ಆರಿಸಿದ್ದೇನೆ. ಎರಡನೇ ತಿಂಗಳು 24 ಇದ್ದದ್ದು ಮೂರನೇ ತಿಂಗಳಿಗೆ 15 ಆಯಿತು.

ಈ ನಡುವೆ ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು ಅನ್ನುವ ಪೊಮೊಡೊರೊ ಲೆಕ್ಕವನ್ನೂ ನೋಡಿದೆ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಓದುವ ದಿನಗಳಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರುಮಾಡಿದ್ದು ಇದು. ಭಾನುವಾರ ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಕಚೇರಿಯಲ್ಲಿ ಆಗುವುದಿಲ್ಲ. ಮುಂದೆ ಅರ್ಜಿ ಹಿಡಿದು ನಿಂತವರಿಗೆ ಇನ್ನು ಹನ್ನೆರಡು ನಿಮಿಷ ತಾಳಿ ಅನ್ನಲು ಬರುತ್ತದೆಯೇ? ಅಲ್ಲದೆ ಅದು ಕೂತ ಮೇಲೆ ಕೆಲಸ ಸಾಗಿಸುವ ಉಪಾಯ. ದಿನಾ ಕೂರುವ ಅಭ್ಯಾಸ ಅದರಿಂದ ಬರಲಿಲ್ಲ. ಹಾಗಾಗಿ ಅದನ್ನು ಈ ಹೋಲಿಕೆಗೆ ಸೇರಿಸುತ್ತಿಲ್ಲ.

ಮೂರನೆಯದು ಜೊತೆಗಾತಿ. ನಮ್ಮ ಕಚೇರಿಯಲ್ಲೇ ಇದ್ದ ಒಬ್ಬ ಅಕ್ಕ ಅದೇ ಪರೀಕ್ಷೆ ಕಟ್ಟಿದ್ದರು. ಅವರೂ ಮೈಸೂರಿನಿಂದ ಬರುವವರು. ಬೆಳಗ್ಗೆ ಒಂದೇ ರೈಲು, ಒಂದೇ ಬೋಗಿ. ಹಿಂದಿನ ರಾತ್ರಿ ಇಷ್ಟು ಪುಟ ಓದಿಕೊಂಡು ಬರಬೇಕು, ರೈಲಿನಲ್ಲಿ ಒಬ್ಬರನ್ನೊಬ್ಬರು ಕೇಳಬೇಕು ಅಂತ ಮಾತಾಯಿತು. 'ಗಳಿಕೆ ರಜೆ ಖಾತೆಗೆ ಯಾವಾಗ ಎಷ್ಟು ಸೇರುತ್ತೆ ಹೇಳು' ಅನ್ನುವರು. 'ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಅಕ್ಕ' ಅನ್ನುವೆ. 'ಅರ್ಧ ವೇತನ ರಜೆ?' ಅಂದಾಗ ನಾಗನಹಳ್ಳಿ ದಾಟುವ ತನಕ ಕಿಟಕಿ ಕಡೆ ನೋಡುತ್ತಾ ಯೋಚಿಸುವೆ.

ನಾಲ್ಕರಲ್ಲಿ ನನ್ನನ್ನು ಹೆಚ್ಚು ಓದಿಸಿದ್ದು ಇದೇ. ಅಕ್ಕ ಕೇಳುತ್ತಾರೆ, ಬರಿಗೈಲಿ ಹೋಗಿ ಕೂರುವುದು ಹೇಗೆ ಅನ್ನುವ ಒಂದೇ ಯೋಚನೆಗೆ ಓದುತ್ತಿದ್ದೆ. ತಿಂಗಳಿಗೆ 28 ಗೀಟು ಬಂದದ್ದು ಆಗಲೇ. ಕಲಿತದ್ದು ಮರೆಯದೆ ಉಳಿದದ್ದೂ ಆಗಲೇ. ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳಿದ್ದು ಬೇಗ ಮರೆಯುವುದಿಲ್ಲ.

ನಾಲ್ಕನೇ ತಿಂಗಳು ಅಕ್ಕನಿಗೆ ಕೆ.ಆರ್.ಪೇಟೆಗೆ ವರ್ಗ ಆಯಿತು. ಒಂದು ವಾರ ಫೋನಿನಲ್ಲಿ ಕೇಳಿಕೊಂಡೆವು. ಅವರಿಗೆ ಹೊಸ ಜಾಗ, ಬಸ್ಸಿನ ಓಡಾಟ. ಆಮೇಲೆ ನಿಂತಿತು. ಅವರು ಹೋದ ಎರಡೇ ವಾರಕ್ಕೆ ನನ್ನ ಓದೂ ನಿಂತಿತು. ಇಷ್ಟು ಗಟ್ಟಿಯಾಗಿದ್ದದ್ದು ಹೀಗೆ ಒಮ್ಮೆಗೇ ಬಿದ್ದುಹೋದದ್ದು ನೋಡಿ ಹೆದರಿಕೆಯಾಯಿತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯಲು ಇವತ್ತಿಗೂ ಪಕ್ಕದ ಮನೆಯವರ ಜೊತೆ ಹೋಗುತ್ತೇನೆ. ನಡಿಗೆಗೆ ಅದೇ ಸರಿ, ಅವರು ಬರದಿದ್ದರೆ ಕೆರೆ ಏರಿ ಮೇಲೆ ಇನ್ಯಾರಾದರೂ ಸಿಗುತ್ತಾರೆ. ಕೆಸಿಎಸ್‌ಆರ್ ಓದುವವರು ಹಾಗೆ ಸಿಗುವುದಿಲ್ಲ.

ನಾಲ್ಕನೆಯದು ಹೊಳೆದದ್ದು ಊರಿನಲ್ಲಿ. ನಮ್ಮೂರು ಮಂಡ್ಯದ ಹತ್ತಿರ, ನಾಲೆ ಪಕ್ಕದ ಹಳ್ಳಿ. ಅವ್ವ ಬೆಳಗ್ಗೆ ಸಂಜೆ ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಾಳೆ. ನನಗೆ ಬುದ್ಧಿ ಬಂದಾಗಿನಿಂದ ತಪ್ಪಿಸಿದ್ದು ನೋಡಿಲ್ಲ. ಅದು ಹೇಗವ್ವ, ಬೇಜಾರಾಗಲ್ವಾ ಅಂತ ಕೇಳಿದೆ. ಅವ್ವ ಕೆಚ್ಚಲಿಗೆ ನೀರು ಎರಚುತ್ತಲೇ ಹೇಳಿದಳು: 'ಹಸ ಬುಟ್ಟದಾ ಕಣವ್ವ? ಹೊತ್ತಾದ್ರೆ ಅದೇ ಕೂಗ್ತದೆ. ಕರದ್ ಮೇಲೆ ಡೈರಿ ಬಾಗ್ಲು ಹಾಕೋದ್ರೊಳಗೆ ಹೋಗ್ಬೇಕು. ಏಳ್‌ಬೇಕಾ ಬ್ಯಾಡ್ವಾ ಅಂತ ಯೋಚ್ನೆ ಮಾಡಕೆ ಟೈಮೆಲ್ಲದೆ?'

ರಾತ್ರಿ ಕ್ಯಾಲೆಂಡರ್ ಮುಂದೆ ನಿಂತು ನಾನು ಮಾಡುತ್ತಿದ್ದದ್ದು ಅದೇ ಯೋಚನೆ. ಓದಬೇಕಾ, ಬೇಡವಾ. ಅವ್ವನಿಗೆ ಹಸು ಕೂಗುವ ಹಾಗೆ ನನಗೆ ಏನು ಕೂಗುತ್ತದೆ ಅಂತ ಹುಡುಕಿದೆ. ದಿನಾ ತಪ್ಪದೆ ನನ್ನ ಪಾಲಿಗೆ ನಡೆಯುವುದು ಒಂದೇ, ರೈಲು ಕಾವೇರಿ ದಾಟುವುದು. ಮೈಸೂರು ಬಿಟ್ಟ ಮೇಲೆ ಶ್ರೀರಂಗಪಟ್ಟಣಕ್ಕೆ ಮುಂಚೆ ಸೇತುವೆ ಬರುತ್ತದೆ. ನೆಲದ ಮೇಲೆ ಓಡುತ್ತಿದ್ದ ಗಾಲಿಯ ಸದ್ದು ಅಲ್ಲಿ ಬದಲಾಗುತ್ತದೆ, ಕೆಳಗಿನಿಂದ ಟೊಳ್ಳು ಟೊಳ್ಳಾಗಿ ಕೇಳುತ್ತದೆ. ಆ ಸದ್ದು ಬಂದ ತಕ್ಷಣ ಪುಸ್ತಕ ತೆಗೆಯುವುದು ಅಂತ ಇಟ್ಟುಕೊಂಡೆ. ಅಲ್ಲಿಂದ ಮಂಡ್ಯಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಸೀಟು ಸಿಗದ ದಿನ ನಿಂತುಕೊಂಡೇ ಒಂದು ನಿಯಮ ಓದಿದರೆ ಸಾಕು.

ಮೊದಲ ತಿಂಗಳು ನೆನಪು ಮಾಡಿಕೊಂಡೇ ತೆಗೆಯಬೇಕಿತ್ತು. ಎರಡೂವರೆ ತಿಂಗಳು ಆಗಿರಬಹುದು, ಒಂದು ದಿನ ಎದುರಿನ ಸೀಟಿನವರ ಜೊತೆ ಕಬ್ಬಿನ ಬೆಲೆ ಮಾತಾಡುತ್ತಿದ್ದೆ. ಸದ್ದು ಬದಲಾಯಿತು. ಮಾತು ನಡೆಯುತ್ತಲೇ ಇತ್ತು, ನನ್ನ ಕೈ ಬ್ಯಾಗಿನ ಜಿಪ್ ಎಳೆದಿತ್ತು. ಪುಸ್ತಕ ತೊಡೆ ಮೇಲೆ ಬಂದ ಮೇಲೆ ನನಗೇ ಗೊತ್ತಾದದ್ದು.

21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ನಂಬಿಕೊಂಡಿದ್ದರೆ ಇದನ್ನೂ ಬಿಟ್ಟಿರುತ್ತಿದ್ದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರನ್ನು ಗಮನಿಸಿ ನೋಡಿದ್ದಾರೆ. ಊಟದ ಜೊತೆ ಒಂದು ಹಣ್ಣು ತಿನ್ನುವುದು, ರಾತ್ರಿ ಊಟಕ್ಕೆ ಮುಂಚೆ ಓಡುವುದು, ಹೀಗೆ ದಿನಾ ನಡೆಯುವ ಒಂದಕ್ಕೆ ಹೊಸದೊಂದನ್ನು ಕಟ್ಟಿಕೊಂಡವರು ಅವರು. ಅಭ್ಯಾಸ ಕೂರಲು ಸುಮಾರು 66 ದಿನ ಬೇಕಾಯಿತು. ಕೆಲವರ ಲೆಕ್ಕ 18 ದಿನ, ಕೆಲವರದು 254 ದಿನದ ತನಕ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ ಅಂತಲೂ ಅವರಿಗೆ ಕಂಡಿತು. ನನ್ನ 41 ಸೊನ್ನೆಯಾದ ದಿನ ಇದು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ರೈಲಿನ ದಾರಿಗೂ ಕೊರತೆ ಇದೆ. ರೈಲು ತಪ್ಪಿ ಬಸ್ಸು ಹತ್ತಿದರೆ ಓದಲು ಆಗುವುದಿಲ್ಲ, ನನಗೆ ವಾಂತಿ ಬರುತ್ತದೆ. ರಜಾ ದಿನಕ್ಕೆ ಸೇತುವೆ ಇಲ್ಲ. ಅದಕ್ಕೆ ಭಾನುವಾರ ಕಾಫಿ ಫಿಲ್ಟರ್ ಹಿಡಿದುಕೊಂಡೆ. ಪುಡಿ ಹಾಕಿ, ಬಿಸಿನೀರು ಸುರಿದು, ಮುಚ್ಚಳ ಮುಚ್ಚಿದ ಮೇಲೆ ಡಿಕಾಕ್ಷನ್ ಇಳಿಯುವ ತನಕ ಅಲ್ಲೇ ಸ್ಟೂಲ್ ಮೇಲೆ ಓದು. ಇಪ್ಪತ್ತು ನಿಮಿಷ ಸಿಗುತ್ತದೆ. ಪುಡಿ ಸಣ್ಣಗಿದ್ದರೆ ಇನ್ನೂ ನಿಧಾನ, ಇನ್ನೆರಡು ಪುಟ.

ಒಬ್ಬರು ಯಾವುದು ಹಿಡಿಯಲಿ ಅಂತ ಕೇಳಿದರೆ ನಾನು ಹೇಳುವುದು ಇದು. ಪರೀಕ್ಷೆಗೆ ಮೂರೇ ತಿಂಗಳು ಇದ್ದರೆ ಜೊತೆ ಹುಡುಕಿ, ಅದರಷ್ಟು ಜೋರು ಇನ್ನೊಂದಿಲ್ಲ. ವರ್ಷಗಟ್ಟಲೆ ಬೇಕಾದದ್ದಾದರೆ ದಿನಾ ಹೇಗೂ ನಡೆಯುವ ಒಂದಕ್ಕೆ ಕಟ್ಟಿ. ಕ್ಯಾಲೆಂಡರ್ ಎರಡಕ್ಕೂ ಇರಲಿ. ಆಪ್ ನಾನು ತೆಗೆದುಹಾಕಿದೆ.

ಅಕೌಂಟ್ಸ್ ಹೈಯರ್ ಮೂರನೇ ಸಲಕ್ಕೆ ಪಾಸಾಯಿತು. ಅಕ್ಕನದೂ ಆಯಿತು, ಫಲಿತಾಂಶದ ದಿನ ಇಬ್ಬರೂ ಫೋನಿನಲ್ಲಿ ಅತ್ತೆವು. ಈಗ ಮುಂದಿನ ಪತ್ರಿಕೆಗೆ ಓದುತ್ತಿದ್ದೇನೆ. ಆದರೆ ನನಗೆ ಮೈಸೂರಿಗೇ ವರ್ಗ ಆಗುವ ಸುದ್ದಿ ಇದೆ. ವರ್ಗ ಆಗಿಬಿಟ್ಟರೆ ರೈಲೂ ಇಲ್ಲ, ಸೇತುವೆಯೂ ಇಲ್ಲ. ಅದಕ್ಕೆ ಈಗಿನಿಂದಲೇ ಬುಧವಾರ, ಶುಕ್ರವಾರವೂ ಹದಿನೈದು ನಿಮಿಷ ಮುಂಚೆ ಎದ್ದು ಫಿಲ್ಟರ್ ಪಕ್ಕ ಸ್ಟೂಲ್ ಹಾಕುತ್ತಿದ್ದೇನೆ. ನಮ್ಮತ್ತೆ ಮೊನ್ನೆ ಪುಸ್ತಕ ಇಡಲು ಅಂತ ಸಕ್ಕರೆ ಡಬ್ಬಿ ಸರಿಸಿ ಅಲ್ಲಿ ಜಾಗ ಮಾಡಿಕೊಟ್ಟಿದ್ದಾರೆ.