ಉಳಿಕೆ ಬಿಡಿಭಾಗಗಳ ಟಿ-55ಕ್ಕೆ ಮೂರು ಬಗೆಯ ಟ್ರ್ಯಾಕ್

ಉಳಿಕೆ ಬಿಡಿಭಾಗಗಳಿಂದ ಟ್ಯಾಂಕಿನ ಮಾದರಿ ಕಟ್ಟಲು ಹೊರಟವರು ಮಿಕ್ಕೆಲ್ಲದರಲ್ಲಿ ಜಿಪುಣತನ ಮಾಡಿದರೂ ಗಾಲಿಗಳ ಸುತ್ತ ಓಡುವ ಸರಪಳಿಯಾದ ಟ್ರ್ಯಾಕ್‌ಗೆ ಮಾತ್ರ ಹಣ ಬಿಚ್ಚಿ, ಒಂದೊಂದಾಗಿ ಜೋಡಿಸುವ ಬಿಡಿಕೊಂಡಿಗಳನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಒಂದೇ ಮಾದರಿಗೆ ಮೂರು ಬಗೆಯ ಟ್ರ್ಯಾಕ್ ಹಾಕಿ, ಎರಡನ್ನು ಕಿತ್ತು, ನಾಲ್ಕು ಗಾಲಿಗಳನ್ನು ಹಾಳುಮಾಡಿಕೊಂಡ ಮೇಲೆ ಈ ತೀರ್ಮಾನಕ್ಕೆ ಬಂದಿದ್ದೇನೆ.

ಚಿಕ್ಕಮಗಳೂರಿನಲ್ಲಿದ್ದುಕೊಂಡು ಕಿಟ್, ಅಂಟು, ಬಣ್ಣ ಎಲ್ಲವನ್ನೂ ಕೊರಿಯರ್‌ನಲ್ಲಿ ತರಿಸಿಕೊಳ್ಳುವ ನನಗೆ ಉಳಿದ ತುಣುಕನ್ನು ಎಸೆಯುವ ಅಭ್ಯಾಸವಿಲ್ಲ. ಹತ್ತು ವರ್ಷಗಳಲ್ಲಿ ಮೂರು ಕಾಫಿಪುಡಿ ಡಬ್ಬಗಳು ಹೀಗೆ ತುಂಬಿದ್ದವು. ಅವುಗಳಲ್ಲಿ ಅರ್ಧಕ್ಕೆ ಬಿಟ್ಟಿದ್ದ 1/35 ಅಳತೆಯ, ಸೋವಿಯತ್ ಟ್ಯಾಂಕಾದ ಟಿ-55ರ ಒಡಲು ಮತ್ತು ಗೋಪುರ, ಇನ್ನೊಂದು ಕಿಟ್‌ನ ಹೆಚ್ಚುವರಿ ಗಾಲಿಗಳು, ಹಾಗೂ ಜರ್ಮನಿಯ ಲೆಪರ್ಡ್ 1 ಟ್ಯಾಂಕನ್ನು ಕಟ್ಟುವಾಗ ತೋಪಿಗೆ ಲೋಹದ ನಳಿಕೆ ಹಾಕಿದ್ದರಿಂದ ಮಿಕ್ಕಿದ್ದ ಪ್ಲಾಸ್ಟಿಕ್ ನಳಿಕೆ ಸಿಕ್ಕವು. ಈ ನಳಿಕೆಯೇ ಇಡೀ ಕೆಲಸಕ್ಕೆ ಪ್ರೇರಣೆ. ಭಾರತೀಯ ಸೇನೆ ತನ್ನ ಟಿ-55 ಟ್ಯಾಂಕುಗಳಲ್ಲಿ ಮೂಲದ 100 ಮಿ.ಮೀ. ತೋಪನ್ನು ತೆಗೆದು 105 ಮಿ.ಮೀ. ತೋಪನ್ನು ಕೂರಿಸಿಕೊಂಡಿತ್ತು, ಲೆಪರ್ಡ್ 1ರ ತೋಪು, ನಮ್ಮ ವಿಜಯಂತ ಟ್ಯಾಂಕಿನ ತೋಪು ಎರಡೂ ಅದೇ 105 ಮಿ.ಮೀ. ಬ್ರಿಟಿಷ್ ಎಲ್7 ತೋಪಿನ ವಂಶದವು. ರಷ್ಯನ್ ತೋಪಿನಲ್ಲಿ ಹೊಗೆ ಹೀರುವ ಉಬ್ಬು ನಳಿಕೆಯ ತುದಿಯಲ್ಲಿದ್ದರೆ, ಎಲ್7ರಲ್ಲಿ ಅದು ನಳಿಕೆಯ ನಡುಭಾಗದಲ್ಲಿರುತ್ತದೆ. ಆದ್ದರಿಂದ ಆ ಒಂದು ತುಂಡನ್ನು ಬದಲಿಸಿದರೆ ಸಾಕು, ಡಬ್ಬದ ಕಸದಿಂದ ಭಾರತದ ಟ್ಯಾಂಕೇ ಎದ್ದು ಬರುತ್ತದೆ.

ಇಲ್ಲದ್ದು ಇದಕ್ಕೆ ಒಪ್ಪುವ ಟ್ರ್ಯಾಕ್ ಒಂದೇ. ಟಿ-55ರಲ್ಲಿ ಟ್ರ್ಯಾಕನ್ನು ಮೇಲಿನಿಂದ ಎತ್ತಿಹಿಡಿಯುವ ಚಿಕ್ಕ ಉರುಳೆಗಳಿಲ್ಲ. ಅದು ಐದು ದೊಡ್ಡ ಗಾಲಿಗಳ ನೆತ್ತಿಯ ಮೇಲೆಯೇ ಮಲಗಿ, ನಡುನಡುವೆ, ಅದರಲ್ಲೂ ಮೊದಲನೆಯ ಮತ್ತು ಎರಡನೆಯ ಗಾಲಿಗಳ ನಡುವಿನ ಅಗಲವಾದ ಸಂದಿನಲ್ಲಿ, ಒದ್ದೆ ಬಟ್ಟೆ ಹಾಕಿದ ಹಗ್ಗದಂತೆ ಜೋತುಬೀಳುತ್ತದೆ. ಈ ಜೋಲು ಬಾರದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಮಾದರಿ ಆಟಿಕೆಯಂತೆಯೇ ಕಾಣುತ್ತದೆ.

ಮೊದಲು ಹಾಕಿದ್ದು ಡಬ್ಬದಲ್ಲೇ ಬಿದ್ದಿದ್ದ ವಿನೈಲ್ ಪಟ್ಟಿ. ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಆದರೆ ಪಟ್ಟಿಯನ್ನು ಹೊರತೆಗೆಯುವಾಗಲೇ ಅದಕ್ಕೆ ತಾಗಿಕೊಂಡಿದ್ದ ನಾಲ್ಕು ಗಾಲಿಗಳು ಅಂಟಿಕೊಂಡೇ ಬಂದವು. ಬಿಡಿಸಿ ನೋಡಿದರೆ, ಪಟ್ಟಿ ಮುಟ್ಟಿದ್ದ ಕಡೆಯಲ್ಲೆಲ್ಲ ಗಾಲಿಯ ಅಂಚು ಇಲಿ ಕಚ್ಚಿದಂತೆ ಕರಗಿತ್ತು. ಡಬ್ಬಕ್ಕೆ ಬಿಸಿಲು ತಾಗಿರಲಿಲ್ಲ, ಯಾವ ಅಂಟೂ ಚೆಲ್ಲಿರಲಿಲ್ಲ. ಹೀಗಾಗಿ ಮೊದಲಿಗೆ ಮನೆಯವರ ಮೇಲೆ ಸಂಶಯಪಟ್ಟೆನೆಂಬುದನ್ನು ಒಪ್ಪಿಕೊಳ್ಳಬೇಕು.

ಕಾರಣ ಪಟ್ಟಿಯೊಳಗೇ ಇದೆ. ವಿನೈಲ್ ಸ್ವಭಾವತಃ ಗಟ್ಟಿ. ಅದು ಬಾಗುವಂತಾಗಲೆಂದು ಎಣ್ಣೆಯಂಥ ಮೃದುಕಾರಕವನ್ನು ಅದರಲ್ಲಿ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಆ ಮೃದುಕಾರಕ ನಿಧಾನವಾಗಿ ಹೊರಗೆ ಜಿನುಗುತ್ತದೆ, ಮತ್ತು ಗಾಲಿಗಳನ್ನು ಮಾಡಿರುವ ಪಾಲಿಸ್ಟೈರೀನ್ ಅದನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಡಬ್ಬದಲ್ಲಿ ನಡೆದದ್ದೇ ಕಟ್ಟಿ ಮುಗಿಸಿದ ಮಾದರಿಯಲ್ಲೂ ನಡೆಯಬಹುದು, ಏಕೆಂದರೆ ಅಲ್ಲಿ ಪಟ್ಟಿಯೂ ಗಾಲಿಯೂ ಸದಾ ಕಾಲ ಒತ್ತಿಕೊಂಡೇ ಇರುತ್ತವೆ. ನಡುವೆ ಬಣ್ಣದ ಪದರವಿದ್ದರೆ ತುಸು ರಕ್ಷಣೆ ಸಿಗುತ್ತದೆಯಾದರೂ ಮೆತ್ತನೆಯ ಪಟ್ಟಿಯನ್ನು ಬಾಗಿಸಿದೊಡನೆ ಅದರ ಮೇಲಿನ ಬಣ್ಣವೇ ಬಿರುಕುಬಿಟ್ಟು ಉದುರುತ್ತದೆ. ಈಗ ನನ್ನಲ್ಲಿರುವ ವಿನೈಲ್ ಪಟ್ಟಿಗಳೆಲ್ಲ ಪ್ರತ್ಯೇಕ ಪಾಲಿಥೀನ್ ಕವರಿನಲ್ಲಿ, ಪ್ರತ್ಯೇಕ ಡಬ್ಬದಲ್ಲಿವೆ.

ಹಾಳಾದ ಬದಿಯನ್ನು ಒಳಗೆ ತಿರುಗಿಸಿ ಗಾಲಿಗಳನ್ನು ಕೂರಿಸಿ, ಹಟಕ್ಕೆ ಬಿದ್ದು ಆ ಪಟ್ಟಿಯನ್ನೇ ಹಾಕಿದೆ. ಅದು ಬೇರೊಂದು ಕಿಟ್‌ನ ಗಾಲಿಗಳ ಅಂತರಕ್ಕೆ ತಯಾರಾದದ್ದರಿಂದ ನನ್ನ ಒಡಲಿನ ಮೇಲೆ ಹಿಟ್ಟಿನ ಗಿರಣಿಯ ಬೆಲ್ಟಿನಂತೆ ಬಿಗಿದು ನಿಂತಿತು. ಪ್ಲಾಸ್ಟಿಕ್ ಅಂಟಿಗೆ ವಿನೈಲ್ ಕೂಡಿಕೊಳ್ಳುವುದಿಲ್ಲ. ಜೋಲು ತರಿಸಲು ಫೆವಿಕ್ವಿಕ್‌ನಿಂದ ಗಾಲಿಗಳಿಗೆ ಕಚ್ಚಿಸಿದರೆ ಮಾರನೆಯ ಬೆಳಿಗ್ಗೆಯೊಳಗೆ ಅದು ಕಿತ್ತುಕೊಂಡಿತ್ತು. ಪುನರ್ವಸು ಮಳೆಯ ತೇವಕ್ಕೆ ಆ ಅಂಟು ಕ್ಷಣಾರ್ಧದಲ್ಲಿ ಹಿಡಿದು, ಸುತ್ತಲೂ ಬೂದಿ ಬಳಿದಂತಹ ಬಿಳಿಯ ಕಲೆಯನ್ನೂ ಬಿಟ್ಟಿತ್ತು.

ಎರಡನೆಯದು ತುಂಡುಪಟ್ಟಿ: ಮೇಲೆ ಮತ್ತು ಕೆಳಗೆ ಉದ್ದನೆಯ ಗಟ್ಟಿ ತುಂಡುಗಳು, ತಿರುವುಗಳಿಗೆ ಮಾತ್ರ ಬಿಡಿಕೊಂಡಿಗಳು. ಪರಿಚಯದವರೊಬ್ಬರು ತಮ್ಮಲ್ಲಿ ಉಳಿದಿದ್ದನ್ನು ಕೊಟ್ಟಿದ್ದರು. ಪೂರ್ಣ ಕಿಟ್ ಕಟ್ಟುವವರಿಗೆ ಇದರಷ್ಟು ಸುಲಭವಾದದ್ದು ಬೇರೆ ಇಲ್ಲ. ಆದರೆ ಜೋಲು ಅದರಲ್ಲಿ ಅಚ್ಚಾಗಿಯೇ ಬಂದಿರುತ್ತದೆ. ನನ್ನ ಗಾಲಿಗಳ ನೆತ್ತಿ ಒಂದು ಕಡೆ, ಅಚ್ಚಿನ ಉಬ್ಬು ಇನ್ನೊಂದು ಕಡೆ.

ಕೊನೆಗೆ 1,350 ರೂಪಾಯಿ ಕೊಟ್ಟು ಬಿಡಿಕೊಂಡಿಗಳನ್ನು ತರಿಸಿದೆ. ಬದಿಗೆ 90ರಂತೆ 180 ಕೊಂಡಿಗಳು, ಪ್ರತಿಯೊಂದನ್ನೂ ಚೌಕಟ್ಟಿನಿಂದ ಮೂರು ಕಡೆ ಕತ್ತರಿಸಿ ಉಜ್ಜಬೇಕು. ರಾತ್ರಿ ಊಟವಾದ ಮೇಲೆ ರೇಡಿಯೊ ಕೇಳುತ್ತಾ ಇಂಥ ಕೆಲಸ ಮಾಡುವುದು ನನಗೆ ಒಗ್ಗಿದ ಸಂಗತಿ. ಬೇಸರವೆನಿಸುವವರಿಗೆ ಇದು ಶಿಕ್ಷೆಯೇ ಸರಿ. ಅಳತೆಪಟ್ಟಿಗೆ ಒರಗಿಸಿ ಸಾಲಾಗಿ ಜೋಡಿಸಿ, ಪ್ಲಾಸ್ಟಿಕ್ ಅಂಟನ್ನು ಹಚ್ಚಿ, ಸುಮಾರು ಅರ್ಧ ಗಂಟೆ ಕಾದರೆ ಸಾಲು ತುಂಡಾಗದೆ ಬಾಗುವ ಹದಕ್ಕೆ ಬರುತ್ತದೆ. ಆಗ ಅದನ್ನು ಗಾಲಿಗಳ ಸುತ್ತ ಸುತ್ತಿ, ಮೇಲಿನ ಮಡ್‌ಗಾರ್ಡ್ ಮತ್ತು ಟ್ರ್ಯಾಕ್ ನಡುವೆ ಸ್ಪಂಜಿನ ಚೂರುಗಳನ್ನು ತುರುಕಿ ರಾತ್ರಿಯಿಡೀ ಬಿಟ್ಟರೆ, ಜೋಲು ಬೇಕಾದಲ್ಲಿಯೇ ಬೀಳುತ್ತದೆ. ಟ್ರ್ಯಾಕನ್ನು ಬಿಗಿಹಿಡಿಯುವ ಮುಂದಿನ ಬಿಗಿಗಾಲಿಯನ್ನು ಅಲ್ಲಿಯವರೆಗೆ ಅಂಟಿಸದೆ ಬಿಟ್ಟಿರಬೇಕು. ಅಳತೆ ಕೂಡಿಬರದಿದ್ದರೆ ಅದನ್ನು ತುಸು ಹಿಂದೆ ಮುಂದೆ ಸರಿಸಬಹುದು, ಅದೂ ಸಾಲದಿದ್ದರೆ ಒಂದು ಕೊಂಡಿಯನ್ನು ಕಳೆಯಬಹುದು. ಪಟ್ಟಿಗಾಗಲಿ ತುಂಡುಪಟ್ಟಿಗಾಗಲಿ ಈ ಸೌಲಭ್ಯವಿಲ್ಲ. ಅವು ತಾವು ಹುಟ್ಟಿದ ಕಿಟ್‌ನ ಅಳತೆಯನ್ನು ಬಿಟ್ಟುಕೊಡುವುದಿಲ್ಲ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಟಿ-55ಕ್ಕೆ ಹಳೆಯ ಮಾದರಿಯ ಟ್ರ್ಯಾಕ್ ಮತ್ತು ನಂತರ ಬಂದ ರಬ್ಬರ್ ಬುಷ್‌ಗಳ ಟ್ರ್ಯಾಕ್ ಎಂದು ಎರಡು ಬಗೆಗಳಿವೆ, ಎರಡಕ್ಕೂ ಟ್ರ್ಯಾಕನ್ನು ಎಳೆಯುವ ಹಿಂಬದಿಯ ಹಲ್ಲುಚಕ್ರ ಬೇರೆ ಬೇರೆ. ಡಬ್ಬದಲ್ಲಿರುವ ಹಲ್ಲುಚಕ್ರ ಯಾವುದೆಂದು ನೋಡಿಕೊಂಡು ಆರ್ಡರ್ ಮಾಡುವುದು ಒಳ್ಳೆಯದು.

ಬಣ್ಣದ ಮಟ್ಟಿಗೆ ಬಿಡಿಕೊಂಡಿ, ತುಂಡುಪಟ್ಟಿ ಎರಡೂ ಸಮ.

ನಾಲ್ಕು ಸಾವಿರದ ಹೊಸ ಕಿಟ್ ಕೊಳ್ಳುವ ಬದಲು ಅದರ ಸುಮಾರು ಮೂರನೆಯ ಒಂದು ಭಾಗದಷ್ಟು ಹಣದಲ್ಲಿ ಮುಗಿಯಿತೆಂಬುದು ನನ್ನ ಲೆಕ್ಕ. ಮಕ್ಕಳ ಕೈಗೆ ಕೊಡುವ ಮಾದರಿಯಾದರೆ ವಿನೈಲ್ ಪಟ್ಟಿಯೇ ಸಾಕು, ಬಿದ್ದರೂ ಮುರಿಯುವುದಿಲ್ಲ. ನನ್ನ ಟಿ-55ರ ಬಲಬದಿಗೆ 90 ಕೊಂಡಿಗಳು ಹಿಡಿದವು, ಎಡಬದಿಗೆ 89. ಷೋಕೇಸಿನಲ್ಲಿ ಎಡಬದಿಯನ್ನು ಗೋಡೆಯ ಕಡೆಗೆ ಇಟ್ಟಿದ್ದೇನೆ.