ಮಗುವಿನ ಮೊದಲ ಕ್ರಿಸ್‌ಮಸ್‌ಗೆ ತಂದ ಸಂವೇದನಾ ಆಟದ ಪೆಟ್ಟಿಗೆ: 13 ತಿಂಗಳ ಬಳಕೆಯ ನಂತರದ ವಿಮರ್ಶೆ

ನಮ್ಮ ಮಗಳಿಗೆ ಏಳು ತಿಂಗಳು ತುಂಬಿದ್ದಾಗ ಅವಳ ಮೊದಲ ಕ್ರಿಸ್‌ಮಸ್ ಬಂತು. ದಿಂಬಿನ ಆಸರೆಯಿಲ್ಲದೆ ಕೂರುವುದನ್ನು ಅವಳು ಆಗಷ್ಟೇ ಕಲಿತಿದ್ದಳು. ಅಂಬೆಗಾಲಿಕ್ಕಲು ಇನ್ನೂ ಬರುತ್ತಿರಲಿಲ್ಲ. ಕೈಗೆ ಸಿಕ್ಕಿದ್ದೆಲ್ಲ ನೇರವಾಗಿ ಬಾಯಿಗೆ ಹೋಗುತ್ತಿತ್ತು. ಆ ವಯಸ್ಸಿನ ಮಗುವಿಗೆ ಹಬ್ಬವೆಂದರೆ ಏನೆಂದು ತಿಳಿಯದಿದ್ದರೂ ಹಬ್ಬದ ಬೆಳಕು, ಸದ್ದು, ಪರಿಮಳ ಎಲ್ಲವೂ ಮನಸ್ಸಿಗೆ ತಟ್ಟುತ್ತವೆ ಎಂಬ ನಂಬಿಕೆಯಿಂದ, ಹತ್ತಾರು ಬಿಡಿ ಆಟಿಕೆಗಳ ಬದಲು ಮರದ ಪೆಟ್ಟಿಗೆಯಲ್ಲಿ ಬರುವ ಸಂವೇದನಾ ಆಟದ, ಅಂದರೆ ನೋಡಿ, ಕೇಳಿ, ಮುಟ್ಟಿ, ಮೂಸಿ ಆಡುವ ಆಟದ, ಒಂದು ಸೆಟ್ಟನ್ನು ನಾವು ಆರಿಸಿಕೊಂಡೆವು. ಈಗ ಅದನ್ನು 13 ತಿಂಗಳು ಬಳಸಿಯಾಗಿದೆ. ಎರಡನೆಯ ಕ್ರಿಸ್‌ಮಸ್ ಕೂಡ ಕಳೆದಿದೆ. ಕೊಂಡ ವಾರದಲ್ಲೇ ಬರೆದಿದ್ದರೆ ಈ ವಿಮರ್ಶೆ ಬೇರೆಯೇ ಆಗಿರುತ್ತಿತ್ತು, ಏಕೆಂದರೆ ಆಗ ನಾವು ಬಹಳವಾಗಿ ಮೆಚ್ಚಿದ್ದ ವಸ್ತು ಈಗ ಮನೆಯಲ್ಲಿಲ್ಲ, ಆಗ ಅಷ್ಟಾಗಿ ಗಮನಿಸದೆ ಪಕ್ಕಕ್ಕಿಟ್ಟಿದ್ದ ವಸ್ತು ಇಂದಿಗೂ ದಿನವೂ ಅವಳ ಕೈಯಲ್ಲಿದೆ.

ಸೆಟ್ಟಿನಲ್ಲಿ ಎಂಟು ತೆಳುಬಟ್ಟೆಗಳು, ಕಪ್ಪು-ಬಿಳುಪು ಚಿತ್ರಗಳ ಬಟ್ಟೆಯ ಪುಸ್ತಕ, ಮರದ ಗಿಲಕಿ, ಒಂದೊಂದೂ ಬೇರೆ ಬೇರೆ ಸ್ಪರ್ಶ ಕೊಡುವ ನಾಲ್ಕು ಚೆಂಡುಗಳು, ನೀರಿನಲ್ಲಿ ಮಿನುಗುಚೂರು ತೇಲುವ ಎರಡು ಬಾಟಲಿಗಳು, ಚಕ್ಕೆ-ಲವಂಗದ ಪರಿಮಳದ ಪುಟ್ಟ ಚೀಲ, ಫೆಲ್ಟ್ ಬಟ್ಟೆಯ ಕ್ರಿಸ್‌ಮಸ್ ಮರ ಹಾಗೂ ಒತ್ತಿದರೆ ಬೆಳಗಿ ಹಾಡುವ ಒಂದು ನಕ್ಷತ್ರ ಇದ್ದವು. ಪೆಟ್ಟಿಗೆಯ ಮುಚ್ಚಳದಲ್ಲಿ ದೊಡ್ಡವರ ಮುಷ್ಟಿ ಹಿಡಿಸುವಷ್ಟು ಅಗಲದ ದುಂಡು ಕಂಡಿಯಿರುವುದರಿಂದ ಪೆಟ್ಟಿಗೆಯೂ ಆಟಿಕೆಯೇ ಆಗುತ್ತದೆ.

ಮೊದಲ ದಿನ ನಾವು ಮಾಡಿದ ತಪ್ಪನ್ನು ಹೇಳಲೇಬೇಕು. ಸಂಭ್ರಮದಲ್ಲಿ ಎಲ್ಲವನ್ನೂ ಒಟ್ಟಿಗೆ ಅವಳ ಮುಂದೆ ಹರಡಿದೆವು. ಎದುರಿಗೆ ದೀಪಾಲಂಕೃತ ಮರ, ಒಂದು ಕಡೆ ಹಾಡುವ ನಕ್ಷತ್ರ, ಇನ್ನೊಂದು ಕಡೆ ಗಿಲಕಿ ಅಲ್ಲಾಡಿಸುತ್ತಿರುವ ನಾವು. ಹತ್ತು ನಿಮಿಷವೂ ಕಳೆಯುವಷ್ಟರಲ್ಲಿ ಅವಳು ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣುಜ್ಜಿಕೊಂಡು, ಬೆನ್ನು ಸೆಟೆದು ಅಳತೊಡಗಿದಳು. ಹಸಿವೂ ಅಲ್ಲ, ನಿದ್ದೆಯೂ ಅಲ್ಲ. ನೋಡುವುದು ಕೇಳುವುದು ಅವಳಿಗೆ ಸಾಕಾಗಿತ್ತು. ಎಲ್ಲವನ್ನೂ ತೆಗೆದಿಟ್ಟು, ದೀಪಗಳನ್ನು ಆರಿಸಿ, ಮಡಿಲಲ್ಲಿ ಕೂರಿಸಿಕೊಂಡ ಮೇಲೆಯೇ ಸಮಾಧಾನವಾಯಿತು. ಅಂದಿನಿಂದ ದಿನಕ್ಕೊಂದು ವಸ್ತುವನ್ನಷ್ಟೇ ಹೊರತೆಗೆದೆವು. ಹೀಗಾಗಿ ಮೊದಲ ಕ್ರಿಸ್‌ಮಸ್ ಒಂದೇ ಬೆಳಗ್ಗೆಗೆ ಮುಗಿಯದೆ ಹೊಸ ವರ್ಷದವರೆಗೂ ನಡೆಯಿತು. ಸೆಟ್ಟಿನ ಜೊತೆ ಬಂದ ಕೈಪಿಡಿಯಲ್ಲಿ ಈ ಮಾತೊಂದು ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಅದರಲ್ಲಿರುವುದು ಚಿತ್ರಗಳು ಮಾತ್ರ.

ಈ ಸೆಟ್ಟಿಗೆ ನಾನು ಕೊಡುವ ಬೆಲೆಯಲ್ಲಿ ಮುಕ್ಕಾಲು ಪಾಲು ಆ ಎಂಟು ತೆಳುಬಟ್ಟೆಗಳದ್ದು. ಪೆಟ್ಟಿಗೆಯೊಳಗೆ ಅವನ್ನು ತುರುಕಿ ಒಂದರ ತುದಿಯನ್ನು ಕಂಡಿಯಿಂದ ಹೊರಗೆ ಇಣುಕುವಂತೆ ಬಿಟ್ಟರೆ ಸಾಕು. ಮೊದಲ ಸಲ ಅವಳು ಕೆಂಪು ಬಟ್ಟೆಯ ತುದಿಯನ್ನು ಇಡೀ ಅಂಗೈಯಿಂದ ಬಾಚಿ ಹಿಡಿದು ಎಳೆದಳು. ಬಟ್ಟೆ ಉದ್ದಕ್ಕೆ ಬರುತ್ತಲೇ ಇತ್ತು. ಪೂರ್ತಿ ಹೊರಬಂದು ಮೊಣಕಾಲ ಮೇಲೆ ಬಿದ್ದಾಗ ಉಸಿರು ಬಿಗಿಹಿಡಿದು ಅದನ್ನೊಮ್ಮೆ ನೋಡಿದಳು, ಆಮೇಲೆ ಖಾಲಿ ಕಂಡಿಯನ್ನು ನೋಡಿದಳು, ಬಟ್ಟೆಯ ಅಂಚನ್ನು ಜೊಲ್ಲಿನಲ್ಲಿ ನೆನೆಸುತ್ತಾ ಇನ್ನೊಂದು ಕೈಯನ್ನು ಕಂಡಿಯೊಳಗೆ ಇಳಿಬಿಟ್ಟಳು. ಆ ಆಟ ಇಪ್ಪತ್ತು ನಿಮಿಷ ನಡೆಯಿತು. ಆಗ ಗಿಲಕಿಯ ಮೇಲೆ ಬಟ್ಟೆ ಮುಚ್ಚಿದರೆ ಗಿಲಕಿ ಇಲ್ಲವಾಯಿತೆಂಬಂತೆ ಬೇರೆ ಕಡೆ ತಿರುಗುತ್ತಿದ್ದವಳು, ಜನವರಿಯ ಕೊನೆಯ ವೇಳೆಗೆ ಬಟ್ಟೆಯನ್ನು ಎಳೆದೆಸೆದು ಗಿಲಕಿಯನ್ನು ಹಿಡಿದುಕೊಳ್ಳತೊಡಗಿದಳು. ಕಣ್ಣಿಗೆ ಕಾಣದಿದ್ದರೂ ವಸ್ತು ಇದ್ದೇ ಇರುತ್ತದೆ ಎಂಬ ಈ ತಿಳಿವಳಿಕೆಯನ್ನು ವಿವರವಾಗಿ ಅಭ್ಯಸಿಸಿದವರು ಸ್ವಿಸ್ ಮನೋವಿಜ್ಞಾನಿ ಝಾನ್ ಪಿಯಾಜೆ. ಅವರ ಪ್ರಕಾರ, ಮುಚ್ಚಿಟ್ಟ ವಸ್ತುವನ್ನು ಮಗು ಹುಡುಕತೊಡಗುವುದು ಸುಮಾರು ಎಂಟನೆಯ ತಿಂಗಳಿನಲ್ಲಿ. ಅದು ನಮ್ಮ ಕಣ್ಣೆದುರಿಗೇ ನಡೆದದ್ದನ್ನು ಕಂಡ ಸಂತೋಷವನ್ನು ಬೇರೆ ಯಾವ ಉಡುಗೊರೆಯೂ ನಮಗೆ ಕೊಡಲಿಲ್ಲ.

ಕಪ್ಪು-ಬಿಳುಪು ಪುಸ್ತಕ ನಮಗೆ ತಡವಾಗಿ ಬಂತು. ಹೊಸದಾಗಿ ಹುಟ್ಟಿದ ಮಗುವಿಗೆ ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ ಒಂದಿಷ್ಟು ಸ್ಪಷ್ಟವಾಗಿ ಕಾಣುತ್ತದೆ, ಗಾಢ ವ್ಯತ್ಯಾಸವಿರುವ ಬಣ್ಣಗಳು ಆಗ ಗಮನ ಸೆಳೆಯುತ್ತವೆ; ಏಳು ತಿಂಗಳ ಮಗುವಿಗೆ ಅದರ ಅಗತ್ಯ ಇರುವುದಿಲ್ಲ. ಮೊದಲ ಕ್ರಿಸ್‌ಮಸ್ ಹೊತ್ತಿಗೆ ನಿಮ್ಮ ಮಗು ಎರಡು ಮೂರು ತಿಂಗಳದ್ದಾಗಿದ್ದರೆ ಈ ಪುಸ್ತಕವೇ ಸೆಟ್ಟಿನ ಒಳ್ಳೆಯ ಭಾಗವಾದೀತು. ಚೆಂಡುಗಳು ಚೆನ್ನಾಗಿವೆ, ಬಾಳಿಕೆಯೂ ಬಂದಿವೆ. ಪರಿಮಳದ ಚೀಲ ಆರು ವಾರಗಳಲ್ಲಿ ಪರಿಮಳ ಕಳೆದುಕೊಂಡಿತು.

ಇನ್ನು ದೂರುಗಳಿಗೆ ಬರುತ್ತೇನೆ. ಹಾಡುವ ನಕ್ಷತ್ರದ ಒಳಗೆ ಮೂರು ಬಟನ್ ಸೆಲ್‌ಗಳಿವೆ, ಅಂದರೆ ಗುಂಡಿಯಾಕಾರದ ಪುಟ್ಟ ಬ್ಯಾಟರಿಗಳು. ಮುಚ್ಚಳಕ್ಕೆ ಸ್ಕ್ರೂ ಇತ್ತು ನಿಜ, ಆದರೆ ಮಾರ್ಚ್‌ನಲ್ಲಿ ಸೆಲ್ ಬದಲಿಸಲು ಬಿಚ್ಚಿದಾಗ ಸ್ಕ್ರೂ ಕೂರುವ ಪ್ಲಾಸ್ಟಿಕ್‌ನ ತೂತು ಸವೆದು ಅದು ಮತ್ತೆ ಬಿಗಿಯಾಗಲೇ ಇಲ್ಲ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ತೀವ್ರವಾದ ಸುಟ್ಟಗಾಯ ಮಾಡಬಲ್ಲದು. ಅಂಥ ಅಪಾಯವನ್ನು ಸವೆದ ಒಂದು ಸ್ಕ್ರೂವಿನ ಭರವಸೆಯ ಮೇಲೆ ಬಿಡಲು ಮನಸ್ಸಾಗದೆ ಅಂದೇ ಅದನ್ನು ಮನೆಯಿಂದ ಹೊರಗೆ ಹಾಕಿದೆವು. ತಯಾರಕರಿಗೆ ಬರೆದಾಗ ಮೂರು ವಾರಗಳ ನಂತರ ಒಂದು ಔಪಚಾರಿಕ ಉತ್ತರ ಬಂತೇ ಹೊರತು ವಿನ್ಯಾಸ ಬದಲಿಸುವ ಮಾತು ಅದರಲ್ಲಿರಲಿಲ್ಲ. ಆರು ತಿಂಗಳಿಗೆ ಮೇಲ್ಪಟ್ಟ ಮಕ್ಕಳಿಗೆಂದು ಹೆಸರಿಟ್ಟು ಮಾರುವ ಸೆಟ್ಟಿನಲ್ಲಿ ಇದನ್ನು ನಾನು ಕ್ಷಮಿಸಲಾರೆ.

ಫೆಲ್ಟ್ ಮರವೂ ಅಂಥದ್ದೇ ಚಿಂತೆ ತಂದಿತು. ಅದಕ್ಕೆ ಅಂಟಿಸುವ ಅಲಂಕಾರಗಳಲ್ಲಿ ಎರಡು ತೀರಾ ಚಿಕ್ಕವು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳ ಬಿಡಿಭಾಗಗಳನ್ನು ಪರೀಕ್ಷಿಸುವ ಕೊಳವೆಯ ಅಗಲ 31.7 ಮಿಲಿಮೀಟರ್, ಒತ್ತದೆಯೇ ಅದರೊಳಗೆ ಪೂರ್ತಿ ಇಳಿಯುವ ಭಾಗ ಉಸಿರುಗಟ್ಟಿಸಬಹುದೆಂದು ಲೆಕ್ಕ. ಮನೆಯಲ್ಲಿ ನಾವು ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆಯಲ್ಲಿ ಹಾಕಿ ನೋಡುತ್ತೇವೆ. ಅದರ ಅಗಲ ಇನ್ನೂ ತುಸು ಹೆಚ್ಚಿರುವುದರಿಂದ ಎಚ್ಚರಿಕೆಯೂ ಹೆಚ್ಚಾಗುತ್ತದೆ. ಆ ಎರಡು ಅಲಂಕಾರಗಳು ಸಲೀಸಾಗಿ ಜಾರಿದವು. ಜೊತೆಗೆ, ಬಾಯಿಗೆ ಹಾಕಿದಾಗ ಫೆಲ್ಟ್‌ನ ಎಳೆಗಳು ಅವಳ ನಾಲಿಗೆಗೆ ಅಂಟಿದ್ದನ್ನು ಕಂಡು ಮರವನ್ನು ಮೇಲಿನ ಕಪಾಟಿಗೆ ಏರಿಸಿದೆವು.

ಮಿನುಗು ಬಾಟಲಿಗಳಲ್ಲಿ ಒಂದು ನಾಲ್ಕನೆಯ ತಿಂಗಳಲ್ಲಿ ಮುಚ್ಚಳದ ಬಳಿ ಜಿನುಗಿತು. ಅಂಟು ಸರಿಯಾಗಿ ಹಿಡಿದಿರಲಿಲ್ಲ. ಬೇರೊಂದು ಬಾಟಲಿಯನ್ನು ಕಳಿಸಿಕೊಟ್ಟರು. ಅದು ಇಂದಿಗೂ ಗಟ್ಟಿಯಾಗಿದೆ. ಕಿಟಕಿಯ ಬೆಳಕಿಗೆ ಅದನ್ನು ಉರುಳಿಸಿ, ಚೂರುಗಳು ತಳ ಸೇರುವವರೆಗೆ ಅಲುಗಾಡದೆ ನೋಡುವುದು ಅವಳ ಮಧ್ಯಾಹ್ನದ ಅಭ್ಯಾಸವಾಗಿತ್ತು.

ಕೊಳ್ಳುವ ಮುನ್ನ ಇನ್ನೊಂದು ವಿಷಯವನ್ನು ಯೋಚಿಸಬೇಕು. ಕೂರಲು ಬರುವ, ಆದರೆ ಇನ್ನೂ ಅಂಬೆಗಾಲಿಕ್ಕದ ಮಕ್ಕಳಿಗಾಗಿ ಶಿಶುಶಿಕ್ಷಣ ತಜ್ಞೆ ಎಲಿನೋರ್ ಗೋಲ್ಡ್‌ಷ್ಮೀಡ್ ಅವರು ನಿಧಿಬುಟ್ಟಿ ಎಂಬ ಆಟವನ್ನು ರೂಪಿಸಿದ್ದರು: ತಗ್ಗಾದ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಅಲ್ಲದ ನಿತ್ಯಬಳಕೆಯ ವಸ್ತುಗಳನ್ನಿಟ್ಟು, ದೊಡ್ಡವರು ಪಕ್ಕದಲ್ಲೇ ಕೂತು, ಮಾತಾಡದೆ ಮಗುವಿಗೆ ಬಿಟ್ಟುಕೊಡುವುದು. ನಕ್ಷತ್ರ ಹೋದ ಮೇಲೆ ನಾವು ಅದರ ಜಾಗಕ್ಕೆ ಮರದ ಸೌಟು, ಲೋಹದ ಪುಟ್ಟ ಬಟ್ಟಲು, ಮೆತ್ತನೆಯ ಬ್ರಷ್ಷನ್ನು ಸೇರಿಸಿದೆವು. ತಣ್ಣನೆಯ ಬಟ್ಟಲನ್ನು ಕೆನ್ನೆಗೆ ಒತ್ತಿಕೊಂಡು ಅವಳು ಸುಮ್ಮನಾಗುತ್ತಿದ್ದುದನ್ನು ಮರೆಯಲಾರೆ. ಸ್ವತಃ ಜೋಡಿಸುವ ಬಿಡುವಿದ್ದವರಿಗೆ ಒಂದು ಪೆಟ್ಟಿಗೆ, ಗಟ್ಟಿಯಾಗಿ ಅಂಚು ಹೊಲಿದ ಒಂದಷ್ಟು ಬಟ್ಟೆ, ಇಂಥ ನಾಲ್ಕಾರು ವಸ್ತುಗಳೇ ಸಾಕು. ಬಿಡುವಿಲ್ಲದವರು ಈ ಸೆಟ್ಟನ್ನು ಕೊಳ್ಳಬಹುದು, ನಕ್ಷತ್ರವನ್ನೂ ಆ ಎರಡು ಅಲಂಕಾರಗಳನ್ನೂ ಮೊದಲೇ ತೆಗೆದಿಡಬೇಕು. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಆ ಮೂರೂ ಪೆಟ್ಟಿಗೆಗೆ, ಬಟ್ಟೆಗಳಿಗೆ, ಚೆಂಡುಗಳಿಗೆ ಸೇರಿದ್ದು.

ಈ ಡಿಸೆಂಬರ್‌ನಲ್ಲಿ ಅವಳು ಬಟ್ಟೆಗಳನ್ನು ಹೊರಗೆಳೆಯುವುದಕ್ಕಿಂತ ಒಳಗೆ ತುರುಕುವುದರಲ್ಲೇ ಮಗ್ನಳಾಗಿದ್ದಳು. ಕೆಂಪು ಬಟ್ಟೆಯ ಒಂದು ಅಂಚು ಬಿಚ್ಚಿಕೊಂಡಿದ್ದರಿಂದ ಹೊಸ ವರ್ಷಕ್ಕೆ ಮೊದಲೇ ಅದನ್ನು ಹೊಲಿದು ಮತ್ತೆ ಪೆಟ್ಟಿಗೆಗೆ ಹಾಕಿದೆವು.