ಉದ್ಯಮಬಾಗದ ಫೌಂಡ್ರಿಯೋ, ಆನ್‌ಲೈನ್ ಇಂಟರ್ನ್‌ಶಿಪ್ಪೋ?

ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಓದುತ್ತಿರುವವರಿಗೆ ರಜೆಯಲ್ಲಿ ಎರಡು ದಾರಿಗಳಿವೆ: ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಅಚ್ಚಿಗೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಕೆಲಸ ಕಲಿಯುವುದು, ಇಲ್ಲವೇ ಮನೆಯಲ್ಲೇ ಕುಳಿತು ಆನ್‌ಲೈನ್ ಇಂಟರ್ನ್‌ಶಿಪ್ ಮುಗಿಸುವುದು. ಎರಡನೆಯದರಲ್ಲಿ ಕ್ಯಾಡ್ (ಕಂಪ್ಯೂಟರ್‌ನಲ್ಲಿ ವಿನ್ಯಾಸ ಬಿಡಿಸುವುದು) ರೂಢಿಯಾಗುತ್ತದೆ, ಓಡಾಟದ ಖರ್ಚಿಲ್ಲ. ಆದರೆ ಶುಲ್ಕ ಪಡೆದು ಬರೀ ಪ್ರಮಾಣಪತ್ರ ಕೊಡುವವರಿಂದ ದೂರವಿರಬೇಕು.

ಫೌಂಡ್ರಿಯಲ್ಲಿ ಬಿಸಿ, ಧೂಳು, ದಣಿವು ಇದ್ದದ್ದೇ, ಭತ್ಯೆಯೂ ಖಾತ್ರಿಯಿಲ್ಲ. ಆದರೂ ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಾದರೆ ಆವಿ ಹೊರಹೋಗಲಾರದೆ ಎರಕದೊಳಗೆ ಗುಳ್ಳೆಯಾಗಿ ಉಳಿಯುತ್ತದೆ ಎಂಬುದು, ಅಚ್ಚು ಕಟ್ಟುವ ಅನುಭವಿ ಮೋಲ್ಡರ್ ಒಬ್ಬರು ಹಿಡಿ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಆ ಉಂಡೆಯನ್ನು ಮುರಿದು ತೋರಿಸಿದಾಗ ಮನದಟ್ಟಾಗುವಷ್ಟು ಪರದೆಯ ಮುಂದೆ ಆಗದು. ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೋಮೀಟರ್‌ನಲ್ಲಿ 0.01 ಮಿಲಿಮೀಟರ್ ಓದುವುದೂ ಕೈ ಪಳಗಿಯೇ ಬರಬೇಕು.

ಉತ್ಪಾದನೆ, ವಿನ್ಯಾಸಗಳತ್ತ ಒಲವಿದ್ದವರು ಮೊದಲು ಉದ್ಯಮಬಾಗಕ್ಕೇ ಹೋಗಲಿ. ಕೋಡಿಂಗ್ ಕಡೆ ವಾಲಿದವರಿಗೆ ಆನ್‌ಲೈನ್ ಸಾಕು, ಅದೂ ನಿಜವಾದ ಕೆಲಸವೊಂದರ ಹೊಣೆ ಸಿಗುವುದಾದರೆ.